ತೂಗುಗುಂಡು

ಎಲ್ಲಾದರೂ ಭೂಕಂಪವಾದ ಸುದ್ದಿಯೋ ಯುದ್ಧ ಶುರುವಾದ ಸುದ್ದಿಯೋ ಪತ್ರಿಕೆಯಲ್ಲಿ ಬಂದರೆ ಸಾಕು, ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ನನ್ನ ಕಡೆ ತಿರುಗಿ, "ಏನು ಟೀಚರ್, ನಿಮ್ಮ ಬೈಬಲ್ಲಿನಲ್ಲಿ ಇದೆಲ್ಲ ಮೊದಲೇ ಬರೆದಿದೆಯಂತಲ್ಲ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಕುಚೋದ್ಯವೇನೂ ಇರುವುದಿಲ್ಲ. ನಮ್ಮ ಗಣಿತದ ಮೇಷ್ಟರಂತೂ ಪಂಚಾಂಗ ನೋಡದೆ ಹೊಸ ಚಪ್ಪಲಿ ಕೂಡ ಮೆಟ್ಟುವವರಲ್ಲ. ಅವರಿಗೊಂದು ಪಂಚಾಂಗವಿರುವ ಹಾಗೆ ಇದು ನನ್ನ ಪಂಚಾಂಗ ಎಂದು ಅವರ ತಿಳಿವಳಿಕೆ. 28 ವರ್ಷದ ಸರ್ವೀಸಿನಲ್ಲಿ ಇದಕ್ಕೆ ನಗುತ್ತಲೇ ಉತ್ತರ ಹೇಳಿ ನನಗೂ ಅಭ್ಯಾಸವಾಗಿಬಿಟ್ಟಿದೆ: "ಪ್ರವಾದಿ ಅಂದರೆ ಜೋಯಿಸರಲ್ಲ ಸಾರ್."

ಹೌದು, ಜೋಯಿಸರಲ್ಲ. ಹೀಬ್ರೂ ಭಾಷೆಯಲ್ಲಿ ಆ ಮನುಷ್ಯನಿಗೆ ನಾವೀ ಎನ್ನುತ್ತಾರೆ. ಕನ್ನಡ ಬೈಬಲ್ಲಿನಲ್ಲಿ ಅವನು ಪ್ರವಾದಿ. ಮಾತನಾಡುವವನು ಎಂಬುದು ಆ ಪದದೊಳಗೇ ಇದೆ. ಒಬ್ಬರ ಪರವಾಗಿ ನಿಂತು, ಕೇಳುವವರಿಗೆ ಇಷ್ಟವಿರಲಿ ಬಿಡಲಿ, ಹೇಳಬೇಕಾದ್ದನ್ನು ಹೇಳುವುದು ಅವನ ಕೆಲಸ. ಮುಂದೆ ಏನಾಗುತ್ತದೆ ಎಂಬುದೂ ಆ ಮಾತಿನಲ್ಲಿ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ಅದು, "ಹೀಗೇ ಓದುತ್ತಿದ್ದರೆ ಮಾರ್ಚಿಯಲ್ಲಿ ಫೇಲಾಗುತ್ತೀಯ" ಎಂದು ನಾವು ಹತ್ತನೆಯ ತರಗತಿಯ ಹುಡುಗನಿಗೆ ಹೇಳುತ್ತೇವಲ್ಲ, ಆ ಜಾತಿಯ ಭವಿಷ್ಯ.

ಈ ಪ್ರವಾದಿಗಳು ಆಡಿದ ಮಾತುಗಳಲ್ಲೆಲ್ಲ ಬಹಳ ಕಟುವಾದದ್ದು ಸುಳ್ಳು ಧರ್ಮದ ಮೇಲೆ ಬರುವ ದೇವರ ತೀರ್ಪಿನ ಮಾತು. ಅದನ್ನು ಓದುವಾಗ ನನಗೆ ನಮ್ಮ ತರಗತಿಯೇ ನೆನಪಾಗುತ್ತದೆ. "ಯಾರೋ ಅದು ಗಲಾಟೆ ಮಾಡಿದ್ದು?" ಎಂದು ನಾನು ಬೋರ್ಡಿನ ಕಡೆಯಿಂದ ತಿರುಗಿದರೆ 40 ಕೈಗಳು ಮೇಲೇಳುತ್ತವೆ, 40 ಬೆರಳುಗಳು ಪಕ್ಕದವನನ್ನು ತೋರಿಸುತ್ತವೆ. ಬೈಬಲ್ ಓದುವ ನಮ್ಮ ಜನವೂ ಈ ಭಾಗಕ್ಕೆ ಬಂದಾಗ ಹೆಚ್ಚಾಗಿ ಮಾಡುವುದು ಅದನ್ನೇ. ನನ್ನ ಸ್ವಂತ ತಮ್ಮ ಹತ್ತು ಹನ್ನೆರಡು ವರ್ಷಗಳಿಂದ ಅದನ್ನು ಮಾಡುತ್ತಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಮೋಸನನ್ನು ನೋಡೋಣ.

ಆಮೋಸ ಯೆರೂಸಲೇಮಿನ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ದೂರದ ತೆಕೋವ ಎಂಬ ಹಳ್ಳಿಯ ಕುರಿಗಾಹಿ. ಅತ್ತಿಯ ಜಾತಿಯದೊಂದು ಕಾಡು ಹಣ್ಣಿನ ತೋಟದಲ್ಲೂ ಕೆಲಸ ಮಾಡುತ್ತಿದ್ದ. ಕ್ರಿಸ್ತಪೂರ್ವ 8ನೆಯ ಶತಮಾನ. ಆ ವೇಳೆಗೆ ಅವರ ದೇಶ ಎರಡು ಹೋಳಾಗಿತ್ತು, ದಕ್ಷಿಣದ್ದು ಯೆಹೂದ, ಉತ್ತರದ್ದು ಇಸ್ರಾಯೇಲ್. ಉತ್ತರದಲ್ಲಿ ಎರಡನೆಯ ಯಾರೊಬ್ಬಾಮ ರಾಜ. ಗಡಿ ವಿಸ್ತಾರವಾಗಿತ್ತು, ವ್ಯಾಪಾರ ಏರಿತ್ತು, ದೊಡ್ಡ ಮನೆಗಳವರು ದಂತದ ಕೆತ್ತನೆಯ ಮಂಚಗಳ ಮೇಲೆ ಒರಗಿರುತ್ತಿದ್ದ ಕಾಲ. ಬೇತೇಲಿನಲ್ಲಿ ರಾಜನದೇ ದೇವಸ್ಥಾನ. ಹಬ್ಬ, ಬಲಿ, ಹಾಡು ಯಾವುದಕ್ಕೂ ಕೊರತೆಯಿಲ್ಲ. ಅಲ್ಲಿಗೆ ಈ ಕುರಿಗಾಹಿ ಬಂದು ಮಾತಿಗೆ ನಿಂತ.

ಸಮಾಜ ವಿಜ್ಞಾನ ಪಾಠ ಹೇಳುವವಳಾದ್ದರಿಂದ ನಕ್ಷೆ ಬರೆಯದೆ ನನಗೆ ಏನೂ ಅರ್ಥವಾಗುವುದಿಲ್ಲ. ಒಮ್ಮೆ ರಜೆಯಲ್ಲಿ ಆಮೋಸನ ಮೊದಲ ಎರಡು ಅಧ್ಯಾಯಗಳನ್ನು ಓದುತ್ತಾ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರುಗಳನ್ನು ಗುರುತು ಹಾಕಿದೆ. ಮೊದಲು ದಮಸ್ಕ, ಅದು ಈಶಾನ್ಯಕ್ಕೆ. ಆಮೇಲೆ ಗಾಜಾ, ಅದು ನೈರುತ್ಯಕ್ಕೆ. ತೂರ್ ಪಟ್ಟಣ ವಾಯವ್ಯದ ಕಡಲ ದಂಡೆಗೆ, ಎದೋಮ್ ಆಗ್ನೇಯಕ್ಕೆ. ಅಮ್ಮೋನ್, ಮೋವಾಬ್ ಎರಡೂ ಪೂರ್ವಕ್ಕೆ, ನದಿಯಾಚೆ. ಒಂದೊಂದರ ಮೇಲೂ ದೇವರ ತೀರ್ಪು ಬರುತ್ತದೆಂದು ಅವನು ಸಾರುತ್ತಾ ಹೋಗುತ್ತಾನೆ. ಕೇಳುತ್ತಿದ್ದ ಜನಕ್ಕೆ ಎಷ್ಟು ಖುಷಿಯಾಗಿರಬೇಕು! ಎಲ್ಲರೂ ಹಳೆಯ ಶತ್ರುಗಳೇ. ಸುತ್ತಲಿನ ಆರು ಮುಗಿದ ಮೇಲೆ ಏಳನೆಯದು ಯೆಹೂದ, ಅವನದೇ ಸೀಮೆ. ಆಗಲೂ ಬೇತೇಲಿನವರು ತಲೆದೂಗಿರುತ್ತಾರೆ, ದಾಯಾದಿಗಳ ಮೇಲೆ ಪ್ರೀತಿ ಯಾರಿಗಿದೆ? ಎಂಟನೆಯ ಹೆಸರು ಬಂದಾಗ ವರ್ತುಲದ ನಡುವೆ ಉಳಿದಿದ್ದದ್ದು ಒಂದೇ ಚುಕ್ಕೆ. ಅದು ಇಸ್ರಾಯೇಲ್, ಅವರು ನಿಂತಿದ್ದ ಜಾಗ. ನನ್ನ ಪೆನ್ಸಿಲ್ ಅಲ್ಲಿಗೆ ಬಂದಾಗ ಮೈ ಜುಮ್ಮೆಂದಿತು.

ಇನ್ನೊಂದು ಸಂಗತಿ ಆ ಪಟ್ಟಿಯಲ್ಲಿದೆ. ಸುತ್ತಲಿನ ಆ ಆರು ನಾಡುಗಳವರು ಪೂಜಿಸುತ್ತಿದ್ದದ್ದು ಬೇರೆ ಬೇರೆ ದೇವರನ್ನು. ಆಮೋಸ ಆ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ. ಊರಿಗೆ ಊರನ್ನೇ ಸೆರೆಹಿಡಿದು ಮಾರಿದಿರಿ, ಗಡಿ ಹೆಚ್ಚಿಸಿಕೊಳ್ಳಲು ಬಸುರಿಯರ ಹೊಟ್ಟೆ ಸೀಳಿದಿರಿ ಎಂಬ ಆಪಾದನೆಗಳೇ ಎಲ್ಲ. ಮೋವಾಬಿನ ಮೇಲೆ ಇರುವುದಂತೂ ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ ಅಪರಾಧ. ಅದರಲ್ಲಿ ಇಸ್ರಾಯೇಲರಿಗೆ ಆದ ನಷ್ಟವೇನೂ ಇಲ್ಲ. ಶತ್ರುವೊಬ್ಬ ಇನ್ನೊಬ್ಬ ಶತ್ರುವಿನ ಹೆಣಕ್ಕೆ ಮಾಡಿದ ಅವಮಾನವೂ ದೇವರ ಲೆಕ್ಕದ ಪುಸ್ತಕದಲ್ಲಿದೆ.

ಪೂಜೆಯ ಮಾತು ಬರುವುದು ಸ್ವಂತ ಜನರ ಸರದಿ ಬಂದಾಗ. ಬಡವನೊಬ್ಬ ಸಾಲಕ್ಕೆ ಹೊದಿಕೆಯನ್ನು ಅಡ ಇಟ್ಟರೆ ಹೊತ್ತು ಮುಳುಗುವುದರೊಳಗೆ ಅದನ್ನು ಹಿಂದಿರುಗಿಸಬೇಕೆಂದು ಅವರ ಧರ್ಮಶಾಸ್ತ್ರದಲ್ಲಿ ವಿಧಿಯಿತ್ತು, ಅವನಿಗೆ ರಾತ್ರಿ ಹೊದೆಯಲು ಇರುವುದು ಅದೊಂದೇ ಎಂದು. ಇವರು ಅಂಥ ಹೊದಿಕೆಗಳನ್ನೇ ಬಲಿಪೀಠದ ಪಕ್ಕದಲ್ಲಿ ಹಾಸಿಕೊಂಡು ಮಲಗುತ್ತಿದ್ದರಂತೆ. ದಂಡ ಕಟ್ಟಿಸಿಕೊಂಡ ದ್ರಾಕ್ಷಾರಸವನ್ನು ದೇವಸ್ಥಾನದಲ್ಲೇ ಕುಡಿಯುತ್ತಿದ್ದರಂತೆ. ಒಂದು ಜೊತೆ ಚಪ್ಪಲಿಯ ಬೆಲೆಗೆ ಬಡವನನ್ನು ಮಾರುತ್ತಿದ್ದರಂತೆ. ಸಬ್ಬತ್ತಿನ ದಿನ ಅಂಗಡಿ ಮುಚ್ಚಬೇಕು, ಮುಚ್ಚುತ್ತಿದ್ದರು. ಆದರೆ ಅದು ಯಾವಾಗ ಮುಗಿದೀತು, ಯಾವಾಗ ಕಣಜ ತೆರೆದೇವು ಎಂಬ ತವಕ. ಅಳೆಯುವ ಕೊಳಗ ಚಿಕ್ಕದು, ಬೆಳ್ಳಿ ತೂಗುವ ಕಲ್ಲು ದೊಡ್ಡದು, ಗೋಧಿಯ ಜೊತೆಗೆ ಹೊಟ್ಟಿನ ಕಸ. ನಮ್ಮ ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತುತ್ತಿದ್ದರೆಂದು ನಮ್ಮಮ್ಮ ಹೇಳುತ್ತಿದ್ದಳು. ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಮಾತು ಇದು ಎಂದು ನೆನಪಿಸಿಕೊಳ್ಳಬೇಕಾಗುತ್ತದೆ.

ಹೀಗೆ ಹೇಳುತ್ತಾ ಅವನೊಂದು ದರ್ಶನದ ಮಾತನ್ನಾಡುತ್ತಾನೆ. ದೇವರು ಗೋಡೆಯ ಹತ್ತಿರ ತೂಗುಗುಂಡು ಹಿಡಿದು ನಿಂತಿದ್ದನ್ನು ತಾನು ಕಂಡೆ ಎಂದು. ಗೋಡೆ ನೆಟ್ಟಗೆ ಎದ್ದಿದೆಯೋ ಓರೆಯಾಗಿದೆಯೋ ನೋಡಲು ಮೇಸ್ತ್ರಿಗಳು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಗುಂಡು. ನಾವು ಮನೆ ಕಟ್ಟಿಸುವಾಗ ದಿನಾ ಸಾಯಂಕಾಲ ಶಾಲೆ ಬಿಟ್ಟು ಹೋಗಿ ನಿಂತು ನೋಡುತ್ತಿದ್ದೆ. ನಮ್ಮ ಮೇಸ್ತ್ರಿ ಅದನ್ನು ಇಳಿಬಿಡುತ್ತಿದ್ದದ್ದು ತಾನು ಕಟ್ಟಿದ ಗೋಡೆಗೆ. ಪಕ್ಕದ ಸೈಟಿನವರ ಗೋಡೆಗೆ ಗುಂಡು ಬಿಡಲು ಅವನು ಹೋದದ್ದನ್ನು ನಾನು ಕಾಣೆ.

ಬೇತೇಲಿನ ಯಾಜಕ ಅಮಚ್ಯನಿಗೆ ಸಿಟ್ಟು ಬಂತು. ನಿನ್ನ ಯೆಹೂದಕ್ಕೆ ಹೋಗಿ ಅಲ್ಲಿ ಪ್ರವಾದನೆ ಹೇಳಿ ಹೊಟ್ಟೆ ಹೊರೆದುಕೋ, ಇದು ರಾಜನ ದೇವಸ್ಥಾನ ಎಂದ. ತಾನು ಈ ಕಸುಬಿನವನೇ ಅಲ್ಲ, ಕುರಿಯ ಹಿಂದೆ ಹೋಗುತ್ತಿದ್ದವನನ್ನು ದೇವರೇ ಹಿಡಿದು ತಂದದ್ದು ಎಂದು ಆಮೋಸನ ಉತ್ತರ. ದಕ್ಷಿಣದವನೊಬ್ಬ ಉತ್ತರದವರಿಗೆ ಹೇಳಿದನಲ್ಲ, ಅದೂ ಪರರ ಗೋಡೆಯೇ ಅಲ್ಲವೇ ಎಂದು ನೀವು ಕೇಳಬಹುದು. ಸಮಂಜಸವಾದ ಪ್ರಶ್ನೆಯೇ. ಆದರೆ ದೇವರು ಒಬ್ಬನೇ, ಶಾಸ್ತ್ರ ಒಂದೇ, ತನ್ನ ಸೀಮೆಯನ್ನು ಪಟ್ಟಿಯಿಂದ ಬಿಟ್ಟೂ ಇರಲಿಲ್ಲ. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರದ ಸೈನ್ಯ ಸಮಾರ್ಯ ಪಟ್ಟಣವನ್ನು ಹಿಡಿಯಿತು. 27 ಸಾವಿರಕ್ಕೂ ಹೆಚ್ಚು ಜನರನ್ನು ಸೆರೆ ಒಯ್ದೆನೆಂದು ಅಶ್ಶೂರದ ರಾಜ ಸರ್ಗೋನ ಶಾಸನದಲ್ಲಿ ಕೊರೆಸಿಕೊಂಡಿದ್ದಾನೆ.

ಈ ಪ್ರವಾದಿಗಳಲ್ಲೆಲ್ಲ ನನಗೆ ಒಪ್ಪದ ಕಥೆಯೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಎಲೀಯನು ಬಾಳನ 450 ಪ್ರವಾದಿಗಳನ್ನು ಹಿಡಿಸಿ ಕೀಷೋನ್ ಹಳ್ಳದ ಹತ್ತಿರ ಕೊಲ್ಲಿಸಿದ ಕಥೆ. ಆ ಪೂಜೆಯನ್ನು ಅರಮನೆಯೊಳಗೇ ಸಾಕಿದ್ದರು, ಅದೂ ಮನೆಯ ಜಗಳವೇ ಎಂದು ವ್ಯಾಖ್ಯಾನ ಹೇಳಬಹುದು. ಹೇಳಿದರೂ ಆ ಹಳ್ಳದ ನೀರು ನನಗೆ ತಿಳಿಯಾಗುವುದಿಲ್ಲ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಎಲೀಯನ ಕಥೆ ಹೇಳುವಾಗ ನಾನು ಅವನು ಮಳೆಗಾಗಿ ಪ್ರಾರ್ಥಿಸಿದ ಭಾಗವನ್ನು ಹೇಳುತ್ತೇನೆ.

ಯೆರೆಮೀಯನ ಬಳಿಗೆ ಬಂದರೆ ಮಾತ್ರ ನನಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಅವನು ಯಾಜಕರ ಮನೆತನದವನೇ, ಯೆರೂಸಲೇಮಿನ ಮಗ್ಗುಲಿನ ಅನಾತೋತ್ ಎಂಬ ಹಳ್ಳಿಯವನು. ಕ್ರಿ.ಪೂ. 609ರ ಸುಮಾರಿಗೆ, ಯೆಹೋಯಾಕೀಮನು ಪಟ್ಟಕ್ಕೆ ಬಂದ ಹೊಸದರಲ್ಲಿ, ಅವನು ದೇವಾಲಯದ ಬಾಗಿಲಲ್ಲೇ ನಿಂತು ಒಳಗೆ ಹೋಗುವ ಭಕ್ತರಿಗೆ ಹೇಳಿದ್ದು ಇಷ್ಟು: ಈ ಆಲಯದ ಹೆಸರನ್ನು ಮೂರು ಮೂರು ಸಲ ಜಪಿಸಿದರೆ ನೀವು ಉಳಿಯುವುದಿಲ್ಲ, ಪರದೇಶಿ, ದಿಕ್ಕಿಲ್ಲದ ಮಗು, ವಿಧವೆ ಇವರನ್ನು ಹಿಂಡುವುದನ್ನು ನಿಲ್ಲಿಸಿದರೆ ಉಳಿದೀರಿ. ಅವರಿಗೆ ಆ ಆಲಯದ ಮೇಲೆ ಅಷ್ಟು ಭರವಸೆ ಬರಲು ಕಾರಣವಿತ್ತು. ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ಯೆಹೂದದ ಕೋಟೆಗಳನ್ನೆಲ್ಲ ಮುರಿದರೂ ಯೆರೂಸಲೇಮ್ ಮಾತ್ರ ಉಳಿದುಕೊಂಡಿತ್ತು. ದೇವರ ಮನೆ ಇರುವ ಊರಿಗೆ ಏನೂ ಆಗದು ಎಂಬುದು ಅಂದಿನಿಂದ ಗಟ್ಟಿ ನಂಬಿಕೆ. ಯೆರೆಮೀಯ ಆ ಆಲಯವನ್ನು ಕಳ್ಳರ ಗವಿಗೆ ಹೋಲಿಸಿದ. ಈ ಹೋಲಿಕೆಯನ್ನು ಮುಂದೆ ಯೇಸುವೂ ಅದೇ ಜಾಗದಲ್ಲಿ ಎತ್ತಿಕೊಂಡನೆಂದು ಎಲ್ಲರಿಗೂ ಗೊತ್ತು. ಆದರೆ ಕಳ್ಳರು ಗವಿಯಲ್ಲಿ ಕಳ್ಳತನ ಮಾಡುವುದಿಲ್ಲ, ನೋಡಿ. ಹೊರಗೆ ಕದ್ದು ಬಂದು ಅಲ್ಲಿ ನಿಶ್ಚಿಂತೆಯಾಗಿ ಕೂತುಕೊಳ್ಳುತ್ತಾರೆ. ವಾರವಿಡೀ ಮಾಡುವುದನ್ನು ಮಾಡಿ ಬಂದು ನಿಶ್ಚಿಂತೆಯಾಗಿ ಕೂರುವ ಜಾಗ ದೇವಾಲಯವಾಯಿತು ಎಂಬುದೇ ಅವನ ಕೋಪ.

ನಂಬಿಕೆ ಬರದಿದ್ದರೆ ಶೀಲೋಗೆ ಹೋಗಿ ನೋಡಿಕೊಂಡು ಬನ್ನಿ ಎಂದ. ಶೀಲೋದಲ್ಲಿಯೂ ಒಂದು ಕಾಲಕ್ಕೆ ಇದೇ ದೇವರ ಮಂದಿರವಿತ್ತು; ಅವನ ಕಾಲಕ್ಕೆ ಅದು ಹಾಳುಬಿದ್ದಿತ್ತು. ಜನ ಮುತ್ತಿಕೊಂಡರು. ಯಾಜಕರೂ ಪ್ರವಾದಿಗಳೂ ಮರಣದಂಡನೆಯೇ ಆಗಬೇಕೆಂದರು. ವಿಚಾರಣೆಯಲ್ಲಿ ಕೆಲವು ಹಿರಿಯರು ಎದ್ದು, ಹಿಂದೆ ಹಿಜ್ಕೀಯ ರಾಜನ ಕಾಲದಲ್ಲಿ ಮೀಕ ಎಂಬವನೂ ಈ ಊರು ಉಳುವ ಹೊಲವಾಗುತ್ತದೆ ಎಂದಿದ್ದ, ರಾಜ ಅವನನ್ನು ಕೊಲ್ಲಲಿಲ್ಲ, ತಾನೇ ದೇವರಿಗೆ ಹೆದರಿದ ಎಂದು ನೆನಪಿಸಿದರು. ಶಾಫಾನನ ಮಗ ಅಹೀಕಾಮ ಅಡ್ಡ ನಿಂತದ್ದರಿಂದ ಯೆರೆಮೀಯ ಬದುಕಿದ. ಅದೇ ಮಾತು ಹೇಳಿದ ಊರೀಯನೆಂಬ ಇನ್ನೊಬ್ಬ ಐಗುಪ್ತಕ್ಕೆ ಓಡಿಹೋಗಿದ್ದರೂ ಬಿಡದೆ ಹಿಡಿದು ತಂದು ಕೊಂದರು. ಪರರ ಧರ್ಮವನ್ನು ಬೈದು ಯಾರೂ ಹೀಗೆ ಪ್ರಾಣಕ್ಕೆ ತಂದುಕೊಳ್ಳುವುದಿಲ್ಲ. ಅದಕ್ಕೆ ಚಪ್ಪಾಳೆ ಸಿಗುತ್ತದೆ.

ಆ ಪುಸ್ತಕದ 34ನೆಯ ಅಧ್ಯಾಯವನ್ನು ಸಭೆಗಳಲ್ಲಿ ಓದುವುದು ಅಪರೂಪ. ನಾನಂತೂ ಅದರ ಮೇಲೆ ಒಂದು ಪ್ರಸಂಗವನ್ನೂ ಕೇಳಿಲ್ಲ. ಬಾಬೆಲಿನ ಸೈನ್ಯ ಬಂದು ಯೆರೂಸಲೇಮನ್ನು ಮುತ್ತಿತ್ತು. ಕೋಟೆಯ ಊರುಗಳಲ್ಲಿ ಉಳಿದಿದ್ದವು ಲಾಕೀಷ್, ಅಜೇಕ ಎರಡೇ. ಆ ಗಂಡಾಂತರದಲ್ಲಿ ರಾಜ ಚಿದ್ಕೀಯನೂ ಊರ ದೊಡ್ಡವರೂ ಆಲಯದಲ್ಲಿ ಸೇರಿ, ಕರುವನ್ನು ಎರಡು ಹೋಳು ಮಾಡಿ ಅದರ ನಡುವೆ ನಡೆದು, ದೇವರ ಮುಂದೆ ಪ್ರಮಾಣ ಮಾಡಿದರು: ನಮ್ಮ ಜನರಲ್ಲೇ ನಮಗೆ ಜೀತವಿರುವ ಗಂಡಾಳು ಹೆಣ್ಣಾಳುಗಳನ್ನೆಲ್ಲ ಬಿಟ್ಟುಬಿಡುತ್ತೇವೆ ಎಂದು. ಆರು ವರ್ಷ ದುಡಿದವನನ್ನು ಏಳನೆಯ ವರ್ಷ ಬಿಡಬೇಕೆಂಬ ಶಾಸ್ತ್ರ ಮೊದಲಿನಿಂದಲೂ ಇದ್ದದ್ದೇ, ಯಾರೂ ನಡೆಸಿರಲಿಲ್ಲ. ಈಗ ಬಿಟ್ಟರು. ಅಷ್ಟರಲ್ಲಿ ಐಗುಪ್ತದ ಸೈನ್ಯ ಬರುತ್ತಿದೆಯೆಂಬ ಸುದ್ದಿಗೆ ಬಾಬೆಲಿನವರು ಮುತ್ತಿಗೆ ತೆಗೆದು ಆಚೆ ಹೋದರು. ಊರು ಉಸಿರು ಬಿಟ್ಟಿತು. ಕೂಡಲೇ ಈ ದೊಡ್ಡ ಮನುಷ್ಯರು ಮಾಡಿದ್ದೇನು? ಬಿಟ್ಟವರನ್ನೆಲ್ಲ ಮತ್ತೆ ಹಿಡಿದು ತಂದು ಜೀತಕ್ಕೆ ಹಾಕಿಕೊಂಡರು.

ಅವರು ಬೇರೆ ದೇವರಿಗೆ ಅಡ್ಡಬಿದ್ದಿರಲಿಲ್ಲ. ಪ್ರಮಾಣ ಮಾಡಿದ್ದು ಸರಿಯಾದ ದೇವರ ಹೆಸರಿನಲ್ಲಿ, ಸರಿಯಾದ ಆಲಯದಲ್ಲಿ, ಶಾಸ್ತ್ರೋಕ್ತವಾಗಿ. ನೀವು ಬಿಡುಗಡೆ ಕೊಡಲಿಲ್ಲ, ಆದ್ದರಿಂದ ದೇವರು ನಿಮಗೆ ಬಿಡುಗಡೆ ಕೊಡುತ್ತಾನೆ, ಕತ್ತಿಗೆ, ಬರಕ್ಕೆ, ರೋಗಕ್ಕೆ ಎಂಬ ಅರ್ಥ ಬರುವಂತೆ ಯೆರೆಮೀಯ ಅವರ ಪದವನ್ನೇ ತಿರುಗಿಸಿ ಹೇಳಿದ. ಬಾಬೆಲಿನವರು ತಿರುಗಿ ಬಂದರು. ಕ್ರಿ.ಪೂ. 587 ಅಥವಾ 586ರಲ್ಲಿ ಊರೂ ಆಲಯವೂ ಸುಟ್ಟುಹೋದವು. 1935ರಲ್ಲಿ ಲಾಕೀಷಿನ ಕೋಟೆಬಾಗಿಲನ್ನು ಅಗೆದವರಿಗೆ ಬೂದಿಯ ನಡುವೆ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಹೊರಠಾಣೆಯಲ್ಲಿದ್ದವನೊಬ್ಬ ಮೇಲಧಿಕಾರಿಗೆ ಬರೆದವು. ಲಾಕೀಷಿನ ಬೆಂಕಿಯ ಸಂಕೇತವನ್ನೇ ನೋಡುತ್ತಿದ್ದೇವೆ, ಅಜೇಕದ್ದು ಕಾಣುತ್ತಿಲ್ಲ ಎಂಬ ಅರ್ಥದ ಮಾತು ಒಂದರಲ್ಲಿದೆ. ಪುಸ್ತಕದಲ್ಲಿ ಎರಡು ಊರಿನ ಹೆಸರು ಮಾತ್ರವಾಗಿದ್ದದ್ದು ಅದನ್ನು ಓದಿದಾಗ ನನಗೆ ರಾತ್ರಿ ಗುಡ್ಡದ ಮೇಲೆ ಕಣ್ಣುಬಿಟ್ಟುಕೊಂಡು ನಿಂತ ಮನುಷ್ಯನಾಯಿತು.

ಇನ್ನು ನನ್ನ ತಮ್ಮನ ವಿಷಯ. ನಮ್ಮದು ಬಳ್ಳಾರಿ ಸೀಮೆಯ ಮನೆತನ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೈಬಲ್ಲಿನ ಕನ್ನಡ ಅನುವಾದಕ್ಕೆ ದುಡಿದವರು. ಆ ಸಂಬಂಧದಿಂದ ನಮ್ಮಪ್ಪನಿಗೆ ಬೈಬಲ್ ಎಂದರೆ ನಮ್ಮೂರಲ್ಲೇ ಹುಟ್ಟಿದ ಪುಸ್ತಕವೆಂಬ ಹೆಮ್ಮೆ. ರಾತ್ರಿ ಊಟಕ್ಕೆ ಮುಂಚೆ ಅವರು ಓದುವುದು, ನಾವು ಅಕ್ಕತಮ್ಮಂದಿರು ತೂಕಡಿಸುತ್ತಾ ಕೇಳುವುದು ನಡೆದಿತ್ತು. ಆ ತಮ್ಮ ಈಗ ನಮ್ಮ ಸಭೆಯವನಲ್ಲ. 2011ರಲ್ಲಿ ಬಿಟ್ಟ. ಅವನು ಸೇರಿದ ಪಂಗಡದವರು ಕೊಡುವ ಪುಸ್ತಕಗಳ ಪ್ರಕಾರ ಉಳಿದ ಸಭೆಗಳೆಲ್ಲ ಪ್ರಕಟನೆ ಗ್ರಂಥದ ಮಹಾ ಬಾಬೆಲ್, ಸುಳ್ಳು ಧರ್ಮ. ದೇವರ ತೀರ್ಪು ಅವುಗಳ ಮೇಲೆ ಬರಲಿದೆ, ಅದಕ್ಕೆ ಮೊದಲು ಹೊರಗೆ ಬರಬೇಕು. 2016ರಲ್ಲಿ ನಮ್ಮಮ್ಮ ತೀರಿಕೊಂಡಾಗ ಅವನು ಆಸ್ಪತ್ರೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟ, ಪೆಟ್ಟಿಗೆಗೆ ಹೆಗಲು ಕೊಟ್ಟ. ಚರ್ಚಿನ ಗೇಟಿನವರೆಗೆ ಬಂದು ಅಲ್ಲಿ ಬೇವಿನ ಮರದ ಕೆಳಗೆ ನಿಂತುಬಿಟ್ಟ. ಒಳಗೆ ಆರಾಧನೆ ಮುಗಿಯುವ ತನಕ ಅಲ್ಲೇ ನಿಂತಿದ್ದ. ಅಮ್ಮ 50 ವರ್ಷ ಕೂತ ಬೆಂಚಿನಲ್ಲಿ ನಾನೊಬ್ಬಳೇ ಕೂತು ಆ ಕಿಟಕಿಯಿಂದ ಅವನನ್ನು ನೋಡುತ್ತಿದ್ದೆ. ಸಮಾಧಿ ಬಳಿಗೆ ಬಂದು ಮಣ್ಣು ಹಾಕಿದ. ಯಾರ ಜೊತೆಗೂ ಜಗಳವಾಡಲಿಲ್ಲ.

ಆ ಬಾಬೆಲ್ ಯಾವುದೆಂದು ನಾನು ಆಮೇಲೆ ಕೂತು ಓದಿದೆ. ಮೊದಲನೆಯ ಶತಮಾನದ ಕೊನೆಗೆ ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಅದನ್ನು ಬರೆದಾಗ ಬಾಬೆಲಿನ ರಾಜ್ಯ ಅಳಿದು ಶತಮಾನಗಳಾಗಿದ್ದವು. ಏಳು ಗುಡ್ಡಗಳ ಮೇಲೆ ಕೂತ ಹೆಂಗಸು ಎಂದರೆ ಅಂದಿನ ಓದುಗರಿಗೆ ರೋಮ್ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬಿದ್ದಾಗ ವರ್ತಕರು ಅಳುತ್ತಾರೆ, ಯಾರೂ ಕೊಳ್ಳದೆ ಉಳಿದ ಸರಕಿನ ಪಟ್ಟಿ ಬರುತ್ತದೆ. ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಎಣ್ಣೆ, ಗೋಧಿ, ದನ, ಕುರಿ, ರಥ. ಆ ಮುತ್ತಿನಲ್ಲಿ ನಮ್ಮ ದೇಶದ ಕಡಲಿನದೂ ಇದ್ದಿರಬೇಕು. ಪಟ್ಟಿಯ ಕಟ್ಟಕಡೆಗೆ, ಎಲ್ಲ ಸರಕಿನ ಕೆಳಗೆ, ಮನುಷ್ಯರು. ಮತ್ತೆ ಅದೇ ಚಪ್ಪಲಿಯ ಬೆಲೆ, ಅದೇ ಜೀತ.

ಆ ಮೇಲೆ ಈ ಹೆಂಗಸನ್ನು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಅಟ್ಟಿದ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಮಾರ್ಟಿನ್ ಲೂಥರ್ 1520ರಲ್ಲಿ ಬರೆದ ಒಂದು ಪುಸ್ತಕದ ಹೆಸರಿನಲ್ಲೇ ಬಾಬೆಲಿನ ಸೆರೆ ಬಂತು; ಅದು ಪೋಪರ ಸಭೆಯನ್ನು ಕುರಿತದ್ದು. 1522ರ ಸೆಪ್ಟೆಂಬರಿನಲ್ಲಿ ಅವನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾದಾಗ ಕ್ರಾನಾಕನ ಚಿತ್ರದಲ್ಲಿ ಬಾಬೆಲಿನ ಹೆಂಗಸಿನ ತಲೆಯ ಮೇಲೆ ಪೋಪರ ಮೂರಂತಸ್ತಿನ ಕಿರೀಟವಿತ್ತು. ಅದೇ ಡಿಸೆಂಬರಿನ ಮುದ್ರಣಕ್ಕೆ ಮೇಲಿನ ಅಂತಸ್ತುಗಳನ್ನು ಅಳಿಸಿ ಸಾದಾ ಕಿರೀಟ ಉಳಿಸಿದರು. ಆ ಕಡೆಯವರು ಸುಮ್ಮನಿದ್ದಾರೆಯೇ? 1529ರಲ್ಲಿ ಕೋಕ್ಲೇಯಸ್ ಎಂಬ ಪಂಡಿತ ಲೂಥರನಿಗೇ ಏಳು ತಲೆ ಬರೆಯಿಸಿ ಪುಸ್ತಕ ಹೊರಡಿಸಿದ. 1843ರಲ್ಲಿ ಅಮೆರಿಕದ ಚಾರ್ಲ್ಸ್ ಫಿಚ್ ಎಂಬ ಬೋಧಕ, ಪೋಪರ ಸಭೆಯೊಂದೇ ಅಲ್ಲ, ಲೂಥರನ ಹಾದಿಯಲ್ಲಿ ಬಂದ ಪ್ರೊಟೆಸ್ಟೆಂಟ್ ಸಭೆಗಳೂ ಬಾಬೆಲೇ, ಹೊರಗೆ ಬನ್ನಿ ಎಂದು ಪ್ರಸಂಗ ಮಾಡಿದ. ಅವನ ಗುಂಪಿನವರು ಕ್ರಿಸ್ತನು 1844ರ ಅಕ್ಟೋಬರ್ 22ಕ್ಕೆ ಬರುತ್ತಾನೆಂದು ಕಾದರು. 23ನೆಯ ತಾರೀಖು ಎಂದಿನಂತೆ ಬೆಳಗಾಯಿತು.

ಇಷ್ಟು ಹೇಳಿದ ಮೇಲೆ ನನ್ನ ತಮ್ಮ ಮೂಢ ಎಂದುಕೊಳ್ಳಬೇಡಿ. ಅವನು ಸಭೆ ಬಿಟ್ಟದ್ದು ಆ ಪುಸ್ತಕಗಳನ್ನು ಓದಿ ಅಲ್ಲ. ಬಿಟ್ಟ ಮೇಲೆ ಪುಸ್ತಕದವರು ಸಿಕ್ಕರು. ಅವನು ಕಮಿಟಿಯಲ್ಲಿದ್ದ ವರ್ಷ ಕಾಂಪೌಂಡಿಗೆ ಹೊಸ ಗೋಡೆ ಎದ್ದಿತು, ವೇದಿಕೆಗೆ ಅಮೃತಶಿಲೆ ಬಂತು. ಕಸ ಗುಡಿಸುವ ಹೆಂಗಸಿಗೆ ತಿಂಗಳಿಗೆ 600 ರೂಪಾಯಿ. ಏಳು ತಿಂಗಳು ಅದನ್ನು ಕೊಟ್ಟಿರಲಿಲ್ಲ. ಇವನು ಮೀಟಿಂಗಿನಲ್ಲಿ ಎದ್ದು ಕೇಳಿದ್ದಕ್ಕೆ ದೇವರ ಕೆಲಸ ಮೊದಲು ಮುಗಿಯಲಿ ಎಂದರಂತೆ. ಎರಡನೆಯ ಸಲ ಕೇಳಿದ್ದಕ್ಕೆ ಮುಂದಿನ ಚುನಾವಣೆಯಲ್ಲಿ ಅವನ ಹೆಸರೇ ಇರಲಿಲ್ಲ. ಆಗ ನಾನು ಬೇರೆ ಜಿಲ್ಲೆಯಲ್ಲಿ ಕೆಲಸಕ್ಕಿದ್ದೆ. ಅಮ್ಮನ ಬಾಯಿಂದ ಕೇಳಿದ್ದು.

ಕಳೆದ ವರ್ಷ ಮಗಳ ಮದುವೆಗೆ ಕರೆಯಲು ಬಂದವನು ಊಟ ಮಾಡಿ ಕೂತಾಗ ಮಾತು ಇಲ್ಲಿಗೇ ಬಂತು.

"ಹೊರಗೆ ಬನ್ನಿ ಅಂತ ಬರೆದೈತಲ್ಲಕ್ಕ, ನೀನೇ ಓದಿಯಲ್ಲ" ಎಂದ.

"ಯೆರೆಮೀಯ ಹೊರಗೆ ಹೋಗಲಿಲ್ಲವಲ್ಲೋ. ಊರು ಸುಟ್ಟ ಮೇಲೂ ಬಾಬೆಲಿನ ದಳವಾಯಿ ಬೇಕಾದ ಕಡೆ ಹೋಗು ಅಂದ. ಉಳಿದ ಬಡವರ ಜೊತೆಗೇ ಇದ್ದ."

"ಅವನನ್ನ ಕೆಸರಿನ ಬಾವಿಗೆ ಇಳಿಸಿದ್ರು."

"ನಿನ್ನನ್ನ ಕಮಿಟಿಯಿಂದ ಇಳಿಸಿದರು, ಅಷ್ಟೆ" ಎಂದೆ. ನಕ್ಕುಬಿಟ್ಟ. ಬಹಳ ದಿನಕ್ಕೆ ಅವನು ನಮ್ಮ ಮನೆಯಲ್ಲಿ ನಕ್ಕದ್ದು. ಯೆರೆಮೀಯನನ್ನು ಬಾವಿಯಿಂದ ಎತ್ತಿದವನು ಕೂಷ್ ದೇಶದ ಪರದೇಶಿ, ಹಗ್ಗ ಕಂಕುಳಿಗೆ ಒತ್ತದಿರಲೆಂದು ಹಳೇ ಬಟ್ಟೆಯ ಚಿಂದಿಗಳನ್ನೂ ಇಳಿಬಿಟ್ಟ ಎಂದು ನೆನಪು ಮಾಡಿದೆ. ಅವನಿಗೆ ಅದು ಗೊತ್ತಿತ್ತು. ಅಪ್ಪ ಆ ಚಿಂದಿಯ ಜಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು.

ಆಮೇಲೆ ನಾನು 34ನೆಯ ಅಧ್ಯಾಯ ತೆಗೆದು ಓದಿದೆ. ಅವನು ಕೇಳುತ್ತಾ ಕೂತಿದ್ದ. ಮುಗಿದ ಮೇಲೆ, "ಬಿಟ್ಟು ಮತ್ತೆ ಹಿಡಕೊಂಡು ಬಂದ್ರಲ್ಲ ಆ ಆಳುಗಳನ್ನ, ಊರು ಸುಟ್ಟಾಗ ಅವರೇನಾದ್ರು?" ಎಂದು ಕೇಳಿದ.

"ಬರೆದಿಲ್ಲ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಮ್ಮನ ದುಡ್ಡು ಬಂತಾ?" ಎಂದ. ಈಗ ತಿಂಗಳಿಗೆ 2500 ಕೊಡುತ್ತಾರೆ, ಹೊಸ ಸಭಾಪಾಲಕರು ಬಂದ ಮೇಲೆ ತಪ್ಪದೆ ಬರುತ್ತಿದೆ. ಆ ಹಳೆಯ ಏಳು ತಿಂಗಳಿನದು ಮಾತ್ರ ಬಂದಿಲ್ಲ ಎಂದೆ. ಲಗ್ನಪತ್ರಿಕೆಯ ಖಾಲಿ ಕವರೊಂದನ್ನು ಎಳೆದುಕೊಂಡು ಅದರ ಹಿಂದೆ ಏಳಾರಲೆ ಲೆಕ್ಕ ಹಾಕಿದ. ನಾಲ್ಕು ಸಾವಿರದ ಇನ್ನೂರು.

ವಾರ್ಷಿಕ ಸಭೆಗೆ ನಾನು ಅರ್ಜಿ ಬರೆದು ಕೊಟ್ಟಿದ್ದೇನೆ. ಸಹಿ ಹಾಕೆಂದರೆ ಅವನು ಒಪ್ಪಲಿಲ್ಲ, ತಾನು ಆ ಸಭೆಯ ಸದಸ್ಯನಲ್ಲವಂತೆ. ಲೆಕ್ಕದ ಕವರನ್ನು ಅರ್ಜಿಗೆ ಪಿನ್ ಮಾಡಿದ್ದೇನೆ. ಅದು ಅವನ ಕೈಬರಹದಲ್ಲೇ ಇದೆ.